ಸಿಹಿಯ ಮೇಲಿನ ಹೊಳಪು: ಯಾವುದು ತಿನ್ನುವಂಥದ್ದು, ಯಾವುದು ತಿನ್ನಬಾರದ್ದು

ಹೈನುಗಾರ ಅಕ್ಕ-ತಂಗಿಯರೇ,

ಗೌರಿ ಹುಣ್ಣಿಮೆ ಹತ್ತಿರ ಬಂತೆಂದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸಂತೆಗಳಲ್ಲಿ ಸಕ್ಕರೆ ಆರತಿಯ ಅಂಗಡಿಗಳು ಸಾಲುಗಟ್ಟುತ್ತವೆ. ಆನೆ, ಒಂಟೆ, ಬಸವಣ್ಣ, ನವಿಲು, ತೇರು, ಕಳಸ. ಬಿಳಿಯದು ಒಂದು ಬುಟ್ಟಿ, ಹಳದಿಯದು ಒಂದು, ಗುಲಾಬಿಯದು ಒಂದು. ನಿಶ್ಚಯವಾದ ಹುಡುಗಿ ಮನೆಗೆ ಬೀಗರು ಸೀರೆ, ಹೂವಿನ ಜೊತೆ ಸಕ್ಕರೆ ಆರತಿ ಒಯ್ಯುತ್ತಾರೆ. ಸಣ್ಣ ಹುಡುಗಿಯರು ತಟ್ಟೆಯಲ್ಲಿಟ್ಟು ದೀಪ ಹಚ್ಚಿ ಗುಡಿಗೆ ಹೋಗಿ ಗೌರಿಯನ್ನು ಬೆಳಗುತ್ತಾರೆ. ಬೆಳಗಿ ಬಂದ ಮೇಲೆ ಆ ಆನೆಯ ಸೊಂಡಿಲು ಮೊದಲು ಯಾರ ಬಾಯಿಗೆ ಹೋಗುತ್ತದೆ ಎಂಬುದು ನಿಮಗೆ ಗೊತ್ತೇ ಇದೆ.

ಈ ಸಕ್ಕರೆ ಗೊಂಬೆಯಲ್ಲಿ ನಿಮ್ಮ ಹಾಲೂ ಇದೆ. ಸಕ್ಕರೆಗೆ ನೀರು ಹಾಕಿ ಪಾಕಕ್ಕಿಟ್ಟಾಗ ಮಾಡುವವರು ಒಂದೆರಡು ಚಮಚ ಹಾಲು ಬಿಡುತ್ತಾರೆ. ಕುದಿಯುವ ಪಾಕದಲ್ಲಿ ಹಾಲಿನ ಪ್ರೋಟೀನು ಹೆಪ್ಪುಗಟ್ಟುತ್ತದೆ, ಸಕ್ಕರೆಯಲ್ಲಿದ್ದ ಕಸ-ಮಣ್ಣನ್ನು ಹಿಡಿದುಕೊಂಡು ಮೇಲಕ್ಕೆ ನೊರೆಯಾಗಿ ಬರುತ್ತದೆ. ಆ ನೊರೆಯನ್ನು ಸೌಟಿನಲ್ಲಿ ತೆಗೆದರೆ ಕೆಳಗೆ ಕನ್ನಡಿಯಂಥ ಪಾಕ ಉಳಿಯುತ್ತದೆ. ಅದನ್ನು ತಿಕ್ಕಿ, ನೀರಲ್ಲಿ ನೆನೆಸಿಟ್ಟ ಮರದ ಅಚ್ಚಿಗೆ ಹೊಯ್ದರೆ ಹಾಲಿನಂಥ ಬಿಳುಪಿನ ಗೊಂಬೆ. ಅಲ್ಲಿಯವರೆಗೆ ಇದರಲ್ಲಿ ಸಕ್ಕರೆ, ನೀರು, ಹಾಲು ಬಿಟ್ಟರೆ ಬೇರೇನೂ ಇಲ್ಲ. ಅನುಮಾನ ಶುರುವಾಗುವುದು ಪಾಕಕ್ಕೆ ಬಣ್ಣ ಬಿದ್ದಾಗ. ಪೇಡೆ, ಬರ್ಫಿ, ಕಾಜು ಕತ್ಲಿಯ ಮೇಲೆ ಬೆಳ್ಳಿ ಹಾಳೆ ಕೂತಾಗ, ಹುಟ್ಟುಹಬ್ಬದ ಕೇಕಿನ ಮೇಲೆ ಬಂಗಾರದ ಪುಡಿ ಉದುರಿದಾಗಲೂ ಅದೇ ಅನುಮಾನ. ಸಿಹಿಯ ಒಳಗಿನ ಹಾಲು ಎಷ್ಟೇ ಶುದ್ಧವಿರಲಿ, ಮೇಲಿನ ಹೊಳಪು ತಿನ್ನುವ ವಸ್ತುವಲ್ಲದಿದ್ದರೆ ಆ ಸಿಹಿ ತಿನ್ನುವ ವಸ್ತುವಲ್ಲ. ನಿಮ್ಮಲ್ಲಿ ಎಷ್ಟೋ ಮಂದಿ ಸ್ವಸಹಾಯ ಸಂಘದಲ್ಲಿ ಪೇಡೆ, ಖೋವಾ, ಸಕ್ಕರೆ ಆರತಿ ಮಾಡಿ ಮಾರುತ್ತೀರಿ, ಮಾರಬೇಕೆಂದು ಯೋಚಿಸುತ್ತಲೂ ಇದ್ದೀರಿ. ಹಾಗಾಗಿ ಇದು ಕೊಳ್ಳುವವರ ಮಾತೂ ಹೌದು, ಮಾಡುವವರ ಮಾತೂ ಹೌದು.

ಬಣ್ಣದ ಮಾತು ಮೊದಲು

2024ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರ ಬಣ್ಣದ ಕಾಟನ್ ಕ್ಯಾಂಡಿಯನ್ನೂ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ನಿಷೇಧಿಸಿದ ಸುದ್ದಿ ನೆನಪಿರಬಹುದು. ಜಾತ್ರೆಯಲ್ಲಿ ಮಕ್ಕಳು ಹಟ ಮಾಡಿ ಕೊಡಿಸಿಕೊಳ್ಳುವ ಆ ಗುಲಾಬಿ ಹತ್ತಿಯಂಥ ಮಿಠಾಯಿಯೇ ಕಾಟನ್ ಕ್ಯಾಂಡಿ. ಆಗ ಆರೋಗ್ಯ ಸಚಿವರಾಗಿದ್ದ ದಿನೇಶ್ ಗುಂಡೂರಾವ್ ಅವರು ಕೊಟ್ಟ ಲೆಕ್ಕದಂತೆ ಗೋಬಿಯ 171 ಮಾದರಿಗಳಲ್ಲಿ 107ರಲ್ಲಿ, ಕಾಟನ್ ಕ್ಯಾಂಡಿಯ 25 ಮಾದರಿಗಳಲ್ಲಿ 15ರಲ್ಲಿ ಸುರಕ್ಷಿತವಲ್ಲದ ಬಣ್ಣ ಸಿಕ್ಕಿತ್ತು. ಅದರಲ್ಲಿ ಮುಖ್ಯವಾದದ್ದು ರೋಡಮೈನ್-ಬಿ. ಇದು ಬಟ್ಟೆಗೆ, ಕಾಗದಕ್ಕೆ, ಊದಿನಕಡ್ಡಿಗೆ ಹಾಕುವ ಬಣ್ಣ. ಭಾಗ್ಯನಗರದ ಮಗ್ಗಗಳಲ್ಲಿ ನೂಲಿಗೆ ಬಣ್ಣ ಕಟ್ಟುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ: ನೂಲಿಗೆ ಹತ್ತಿದ ಬಣ್ಣ ಬಿಡಬಾರದು, ಅದೇ ಅದರ ಗುಣ. ಹೊಟ್ಟೆಗೆ ಹೋಗುವ ಬಣ್ಣದಲ್ಲಿ ನಾವು ನೋಡುವ ಗುಣವೇ ಬೇರೆ.

ಹಾಗೆಂದು ಎಲ್ಲ ಕೃತಕ ಬಣ್ಣವೂ ನಿಷಿದ್ಧವಲ್ಲ. ನಮ್ಮ ದೇಶದ ಆಹಾರ ಸುರಕ್ಷತಾ ಮತ್ತು ಗುಣಮಟ್ಟ ಪ್ರಾಧಿಕಾರ ಎಂಟು ಕೃತಕ ಬಣ್ಣಗಳಿಗೆ ಅನುಮತಿ ಕೊಟ್ಟಿದೆ. ಕೆಂಪಿಗೆ ಪೊನ್ಸೋ 4ಆರ್, ಕಾರ್ಮೊಯಿಸಿನ್, ಎರಿತ್ರೋಸಿನ್. ಹಳದಿಗೆ ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೋ. ನೀಲಿಗೆ ಇಂಡಿಗೋ ಕಾರ್ಮಿನ್, ಬ್ರಿಲಿಯಂಟ್ ಬ್ಲೂ. ಹಸಿರಿಗೆ ಫಾಸ್ಟ್ ಗ್ರೀನ್. ಇವನ್ನೂ ಎಲ್ಲದಕ್ಕೂ ಹಾಕುವಂತಿಲ್ಲ. ಗೋಬಿಗೆ ಹಾಕುವಂತಿಲ್ಲ, ಹಾಲಿಗೆ ಹಾಕುವಂತಿಲ್ಲ, ತುಪ್ಪಕ್ಕೆ ಹಾಕುವಂತಿಲ್ಲ. ಸಿಹಿತಿಂಡಿಗೆ ಹಾಕಬಹುದು, ಆದರೆ ತಯಾರಾದ ಒಂದು ಕಿಲೋ ಸಿಹಿಯಲ್ಲಿ ಎಲ್ಲ ಬಣ್ಣ ಸೇರಿ 100 ಮಿಲಿಗ್ರಾಂ ಮೀರಬಾರದು.

100 ಮಿಲಿಗ್ರಾಂ ಅಂದರೆ ಒಂದು ಗ್ರಾಮಿನ ಹತ್ತರಲ್ಲಿ ಒಂದು ಪಾಲು. ಇಲ್ಲೇ ನಮ್ಮವರು ಎಡವುವುದು. ಒಳ್ಳೆಯ ಬಣ್ಣವನ್ನೇ ತಂದಿರುತ್ತಾರೆ, ಆದರೆ ಕೈಯಳತೆಯಲ್ಲಿ ಒಂದು ಚಿಟಿಕೆ, ಮೇಲೊಂದು ಚಿಟಿಕೆ, 'ಇನ್ನೂ ಸ್ವಲ್ಪ ಗಾಢ ಬರಲಿ' ಎಂದು ಮತ್ತೊಂದು. ಅಷ್ಟರಲ್ಲಿ ಮಿತಿ ದಾಟಿರುತ್ತದೆ. ಮನೆಯ ತಕ್ಕಡಿಯಲ್ಲಿ ಹತ್ತನೇ ಒಂದು ಗ್ರಾಂ ತೂಗಲು ಆಗುವುದಿಲ್ಲ. ಅದಕ್ಕೊಂದು ಸುಲಭ ದಾರಿಯಿದೆ. ಬಂಗಾರದ ಅಂಗಡಿಯಲ್ಲೋ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿಯಲ್ಲೋ ಒಂದು ಗ್ರಾಂ ಬಣ್ಣ ತೂಗಿಸಿಕೊಳ್ಳಿ. ಕಾಯಿಸಿ ಆರಿಸಿದ ನೀರಲ್ಲಿ ಅದನ್ನು ಕರಗಿಸಿ ಒಟ್ಟು 100 ಮಿಲಿಲೀಟರ್ ಮಾಡಿ. ಈಗ ಈ ಬಣ್ಣದ ನೀರಿನ ಪ್ರತಿ ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಬಣ್ಣ ಇದೆ. ಔಷಧಿ ಅಂಗಡಿಯಲ್ಲಿ ಸೂಜಿಯಿಲ್ಲದ 5 ಮಿಲಿಲೀಟರ್ ಸಿರಿಂಜ್ ಸಿಗುತ್ತದೆ. ಒಂದು ಕಿಲೋ ಸಕ್ಕರೆಗೆ ಒಂದು ಸಿರಿಂಜ್ ಹಾಕಿದರೆ 50 ಮಿಲಿಗ್ರಾಂ, ಮಿತಿಯ ಅರ್ಧ. ಸಕ್ಕರೆ ಆರತಿಗೆ ಅಷ್ಟು ಸಾಕು, ಎಷ್ಟೋ ಸಲ ಹೆಚ್ಚೇ ಆಗುತ್ತದೆ. ಎರಡು ಬಣ್ಣ ಬೆರೆಸಿ ಹಸಿರೋ ಕಿತ್ತಳೆಯೋ ಮಾಡುವುದಾದರೆ ಎರಡೂ ಸೇರಿ ಲೆಕ್ಕ. ಬಣ್ಣದ ನೀರನ್ನು ಆಯಾ ದಿನಕ್ಕೆ ಮಾಡಿಕೊಳ್ಳಿ, ಉಳಿದದ್ದನ್ನು ವಾರಗಟ್ಟಲೆ ಇಡಬೇಡಿ. ಆ ಸಿರಿಂಜನ್ನು ದನಕರುಗಳ ಔಷಧಿಗೆ ಬಳಸಿದ್ದಿರಬಾರದು ಎಂದು ಬೇರೆ ಹೇಳಬೇಕಿಲ್ಲ. ಆದರೂ ಹೇಳಿದ್ದೇನೆ.

ಬಣ್ಣ ಕೊಳ್ಳುವಾಗ ಮುಚ್ಚಿದ ಡಬ್ಬಿಯನ್ನೇ ಕೊಳ್ಳಿ. ಅದರ ಮೇಲೆ ಬಣ್ಣದ ಹೆಸರು, ಆಹಾರಕ್ಕೆ ಬಳಸುವಂಥದ್ದು ಎಂಬ ಮಾತು, ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆ, ತಯಾರಿಸಿದ ದಿನಾಂಕ ಇರಬೇಕು. ಸಂತೆಯಲ್ಲಿ ಒಬ್ಬ ವ್ಯಾಪಾರಿ ರಂಗೋಲಿ ಪುಡಿಯ ಪಕ್ಕದಲ್ಲೇ ಕಾಗದದ ಪೊಟ್ಟಣದಲ್ಲಿ ಗುಲಾಬಿ ಬಣ್ಣ ಇಟ್ಟಿದ್ದ. 'ಇದು ತಿನ್ನೋದಕ್ಕಾ, ಹಚ್ಚೋದಕ್ಕಾ?' ಅಂತ ಕೇಳಿದೆ. 'ಎರಡಕ್ಕೂ ಬರ್ತದ್ರೀ' ಅಂದ. ಎರಡಕ್ಕೂ ಬರುವ ಬಣ್ಣ ಬೇಡ.

ಮನೆಯಲ್ಲಿ ಪರೀಕ್ಷೆ ಮಾಡಬಹುದೇ ಎಂದು ಕೇಳುತ್ತೀರಿ. ಒಂದು ಮಟ್ಟಿಗೆ ಮಾತ್ರ. ಹಳದಿ ಲಾಡುವಿನ ಚೂರಿಗೆ ಎಲೆ-ಅಡಿಕೆಯ ಸುಣ್ಣ ಹಚ್ಚಿ ನೋಡಿ. ಅರಿಶಿನವಾಗಿದ್ದರೆ ಕುಂಕುಮದಂತೆ ಕೆಂಪಾಗುತ್ತದೆ. ಕೆಂಪಾಗದಿದ್ದರೆ ಅದು ಅರಿಶಿನವಲ್ಲ. ಅನುಮತಿಯಿರುವ ಟಾರ್ಟ್ರಜಿನ್ ಇರಬಹುದು, ಅನುಮತಿಯೇ ಇಲ್ಲದ ಮೆಟಾನಿಲ್ ಹಳದಿಯೂ ಇರಬಹುದು. ಮೆಟಾನಿಲ್ ಹಳದಿಗೆ ಪ್ರಯೋಗಾಲಯದಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ನೇರಳೆ-ಗುಲಾಬಿಗೆ ತಿರುಗುತ್ತದೆ. ಆ ಆಮ್ಲವನ್ನು ಮನೆಯಲ್ಲಿ ಮುಟ್ಟುವುದು ಬೇಡ. ನೀರಲ್ಲಿ ಅದ್ದಿದರೆ ಬಣ್ಣ ಬಿಟ್ಟಿತು, ಅದಕ್ಕೇ ಅದು ಕಲಬೆರಕೆ ಎಂದು ಮೊಬೈಲ್‌ನಲ್ಲಿ ಬರುವ ವಿಡಿಯೋಗಳನ್ನು ಪೂರ್ತಿ ನಂಬಬೇಡಿ. ಅನುಮತಿಯಿರುವ ಎಂಟೂ ಬಣ್ಣ ನೀರಲ್ಲಿ ಕರಗುತ್ತವೆ. ಕೆಂಪು ಸಿಹಿಯಲ್ಲಿ ಯಾವ ಕೆಂಪಿದೆ ಎಂಬುದನ್ನು ಖಚಿತವಾಗಿ ಹೇಳಲು ಪ್ರಯೋಗಾಲಯವೇ ಬೇಕು.

ಬಣ್ಣವೇ ಬೇಡ ಅನ್ನುವವರಿಗೆ ಅಡುಗೆಮನೆಯಲ್ಲೇ ದಾರಿಗಳಿವೆ, ಅವುಗಳ ಗುಣ ಮಾತ್ರ ತಿಳಿದಿರಬೇಕು. ಅರಿಶಿನ ಕುದಿ ತಾಳುತ್ತದೆ, ಬಿಸಿಲಿಗೆ ಇಟ್ಟರೆ ಮಾಸುತ್ತದೆ. ಬೀಟ್‌ರೂಟ್ ರಸ ಕುದಿ ತಾಳುವುದಿಲ್ಲ, ಬೇಗ ಹಾಕಿದರೆ ಕಂದಾಗುತ್ತದೆ. ಪಾಕ ಇಳಿಸಿದ ಮೇಲೆ, ಅಚ್ಚಿಗೆ ಹೊಯ್ಯುವ ಮುಂಚೆ ಬೆರೆಸಬೇಕು. ರಸದ ನೀರು ಹೆಚ್ಚಾದರೆ ಗೊಂಬೆ ಗಟ್ಟಿಯಾಗುವುದಿಲ್ಲ, ಆದ್ದರಿಂದ ರಸವನ್ನು ಮೊದಲೇ ಸಣ್ಣ ಉರಿಯಲ್ಲಿ ಸ್ವಲ್ಪ ಬತ್ತಿಸಿಕೊಳ್ಳಿ. ಸಂತೆಯ ಗುಲಾಬಿಯಷ್ಟು ಝಗಝಗ ಬರುವುದಿಲ್ಲ ಎಂಬುದು ನಿಜ. ಧಾರವಾಡ ಪೇಡೆಯನ್ನು ನೋಡಿ. ಅದರ ಕಂದು ಬಣ್ಣ ಖೋವಾವನ್ನು ಸಕ್ಕರೆಯೊಂದಿಗೆ ಹುರಿದದ್ದರಿಂದ ಬಂದದ್ದು, ಮೇಲಿನ ಬಿಳಿ ಹೊದಿಕೆ ಬರೀ ಸಕ್ಕರೆ. ಇಷ್ಟು ಹೆಸರು ಮಾಡಿದ ಸಿಹಿಗೆ ಬಣ್ಣದ ಡಬ್ಬಿ ಬೇಕಾಗಲಿಲ್ಲ.

ಎಮ್ಮೆ ಕಟ್ಟಿದವರಿಗೆ ಇಲ್ಲೇ ಒಂದು ಮಾತು. ಆಕಳ ತುಪ್ಪ ಹಳದಿಯಾಗಿರುವುದು ಹಸಿರು ಮೇವಿನಲ್ಲಿರುವ ಕ್ಯಾರೋಟಿನ್‌ನಿಂದ. ಎಮ್ಮೆ ಆ ಕ್ಯಾರೋಟಿನ್ನನ್ನು ವಿಟಮಿನ್ 'ಎ' ಆಗಿ ಮಾರ್ಪಡಿಸಿಯೇ ಹಾಲಿಗೆ ಕೊಡುತ್ತದೆ, ಅದಕ್ಕೇ ಎಮ್ಮೆ ತುಪ್ಪ ಬಿಳುಪು. ಬಿಳುಪೆಂದರೆ ಕಡಿಮೆ ಸತ್ವ ಎಂದಲ್ಲ. ಗಿರಾಕಿ ಹಳದಿ ಕೇಳುತ್ತಾನೆಂದು ಎಮ್ಮೆ ತುಪ್ಪಕ್ಕೆ ಬಣ್ಣ ಹಾಕಿದರೆ ಅದು ಅಪರಾಧ. ಬೆಣ್ಣೆಗೆ ಮಾತ್ರ ಅನ್ನಾಟೊದಂಥ ಸಸ್ಯಮೂಲದ ಬಣ್ಣಕ್ಕೆ ಅವಕಾಶವಿದೆ. ಅನ್ನಾಟೊ ಅಂದರೆ ರಂಗಮಾಲೆ ಗಿಡದ ಬೀಜದ ಕೇಸರಿ ಬಣ್ಣ.

ಬೆಳ್ಳಿ ಹಾಳೆ, ಅರ್ಥಾತ್ ವರಕ್

ಕಿನ್ನಾಳದ ಗೊಂಬೆಗಳನ್ನು ನೀವೆಲ್ಲ ನೋಡಿದ್ದೀರಿ, ಕೆಲವರ ಮನೆಯಲ್ಲಿ ಗೌರಿಯ ಗೊಂಬೆಯೇ ಕಿನ್ನಾಳದ್ದು. ಗೌರಿಯ ಆಭರಣ, ಕಿರೀಟ ಫಳಫಳ ಹೊಳೆಯುವುದು ಅಲ್ಲಿನ ಚಿತ್ರಗಾರರ ಲಾಜವರ ಎಂಬ ವಿದ್ಯೆಯಿಂದ. ತವರವನ್ನು ಬಡಿದು ತೆಳುವಾಗಿಸಿ, ಪುಡಿ ಮಾಡಿ, ಅಂಟಿನಲ್ಲಿ ಕಲಸಿ ಗೊಂಬೆಗೆ ಹಚ್ಚಿ ತಿಕ್ಕುತ್ತಾರೆ. ಅದು ಬೆಳ್ಳಿಯಂತೆ ಕಾಣುತ್ತದೆ. ತಲೆತಲಾಂತರದ, ಹೆಸರುವಾಸಿಯಾದ ಕಲೆ. ಗೊಂಬೆಗೆ ಅದು ಸರಿಯಾದ ಹೊಳಪು. ಸಿಹಿಗೆ ಅಲ್ಲ. ಮಿಠಾಯಿ ಅಂಗಡಿಯ ಬರ್ಫಿಯ ಮೇಲೂ ಅಂಥದೇ ಹೊಳಪು ಕಂಡಾಗ ಅದು ತಿನ್ನುವ ಬೆಳ್ಳಿಯೋ, ಬೆಳ್ಳಿಯಂತೆ ಕಾಣುವ ಇನ್ನೇನೋ ಎಂದು ಕಣ್ಣಿನಿಂದ ಹೇಳಲಾಗದು.

ತಿನ್ನುವ ಬೆಳ್ಳಿ ಹಾಳೆಗೆ ವರಕ್ ಎನ್ನುತ್ತಾರೆ. ಬೆಳ್ಳಿಯ ಸಣ್ಣ ತಗಡನ್ನು ಪುಸ್ತಕದಂಥ ಹಾಳೆಗಳ ನಡುವೆ ಇಟ್ಟು ಸುತ್ತಿಗೆಯಿಂದ ಗಂಟೆಗಟ್ಟಲೆ ಬಡಿದರೆ, ಉಸಿರು ಬಿಟ್ಟರೆ ಹಾರಿಹೋಗುವಷ್ಟು ತೆಳುವಾಗುತ್ತದೆ. 2016ರಲ್ಲಿ ಪ್ರಾಧಿಕಾರ ಇದಕ್ಕೆ ಅಳತೆ ನಿಗದಿ ಮಾಡಿತು: ಶೇಕಡಾ 99.9ರಷ್ಟು ಶುದ್ಧ ಬೆಳ್ಳಿ ಇರಬೇಕು, ಒಂದು ಚದರ ಮೀಟರ್ ಹಾಳೆಯ ತೂಕ 2.8 ಗ್ರಾಂ ಮೀರಬಾರದು. ಲೆಕ್ಕ ಹಾಕಿ ನೋಡಿ. ಒಂದು ಗೇಣು ಉದ್ದ, ಒಂದು ಗೇಣು ಅಗಲದ ಬರ್ಫಿಯ ತಟ್ಟೆಗೆ ಪೂರ್ತಿ ಹಾಳೆ ಹೊದಿಸಿದರೂ ಬೆಳ್ಳಿ ಒಂದು ಗ್ರಾಮಿನ ಹತ್ತನೇ ಒಂದು ಭಾಗದಷ್ಟು. ಅದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ, ಪುಷ್ಟಿಯೂ ಇಲ್ಲ. ಶುದ್ಧ ಬೆಳ್ಳಿ ಹೊಟ್ಟೆಯಲ್ಲಿ ಕರಗುವುದೂ ತೀರಾ ಕಡಿಮೆ, ಬಹುಪಾಲು ಬಂದ ದಾರಿಯಲ್ಲೇ ಹೋಗುತ್ತದೆ. ಬರೀ ಅಂದಕ್ಕೆ.

ಅದೇ ನಿಯಮದಲ್ಲಿ ಇನ್ನೊಂದು ಷರತ್ತಿದೆ, ಅದು ದನ ಸಾಕುವ ನಿಮಗೆ ನೇರವಾಗಿ ತಟ್ಟುವಂಥದ್ದು. ಹಿಂದೆ ಬೆಳ್ಳಿ ಬಡಿಯುವ ಆ 'ಪುಸ್ತಕ'ದ ಹಾಳೆಗಳನ್ನು ದನದ ಕರುಳಿನ ಪೊರೆಯಿಂದ ಮಾಡುತ್ತಿದ್ದರು. ಎಷ್ಟು ಏಟು ಬಿದ್ದರೂ ಹರಿಯದ ಪೊರೆ ಅದು. ಅಂದರೆ ಆಕಳ ಹಾಲಿನ ಪೇಡೆ ಮಾಡಿ ದೇವರಿಗೆ ಎಡೆ ಇಡುವಾಗ ಮೇಲಿನ ಬೆಳ್ಳಿ ಎಲ್ಲಿಂದ ಬಂತು ಎಂದು ಯಾರೂ ಕೇಳುತ್ತಿರಲಿಲ್ಲ. ವರಕ್ ತಯಾರಿಕೆಯ ಯಾವ ಹಂತದಲ್ಲೂ ಪ್ರಾಣಿಮೂಲದ ವಸ್ತು ಬಳಸಕೂಡದು ಎಂದು 2016ರ ನಿಯಮ ಹೇಳಿತು. ಈಗ ವಿಶೇಷ ಕಾಗದ, ಪಾಲಿಯೆಸ್ಟರ್ ಹಾಳೆ ಮತ್ತು ಯಂತ್ರಗಳಿಂದ ಮಾಡುವವರಿದ್ದಾರೆ. ನೀವು ಪೇಡೆಗೆ ವರಕ್ ಹಚ್ಚುವವರಾದರೆ ಕೊಳ್ಳುವಾಗ ಪೊಟ್ಟಣದ ಮೇಲೆ ಸಸ್ಯಾಹಾರದ ಹಸಿರು ಚುಕ್ಕಿ, ಪರವಾನಗಿ ಸಂಖ್ಯೆ ಎರಡನ್ನೂ ನೋಡಿ. ಪೊಟ್ಟಣದ ಮೇಲಿನ ಪದಾರ್ಥಗಳ ಪಟ್ಟಿಯಲ್ಲಿ ಬೆಳ್ಳಿಗೆ 174 ಎಂಬ ಸಂಖ್ಯೆ, ಬಂಗಾರಕ್ಕೆ 175.

ಬೆಳ್ಳಿಯ ದರ ಏರಿದಷ್ಟೂ ಮೋಸದ ಆಸೆ ಏರುತ್ತದೆ. ಬೆಳ್ಳಿಯ ಬದಲು ಬರುವುದು ಸಾಮಾನ್ಯವಾಗಿ ಅಲ್ಯುಮಿನಿಯಂ ಹಾಳೆ. ಅದಕ್ಕೆ ಸಿಹಿಯ ಹೊದಿಕೆಯಾಗಿ ಅನುಮತಿ ಇಲ್ಲ. ಅಶುದ್ಧ ಬೆಳ್ಳಿಯಾದರೆ ಅದರಲ್ಲಿ ಸೀಸ, ನಿಕಲ್, ಕ್ಯಾಡ್ಮಿಯಂ ಉಳಿದಿರುವ ಅಪಾಯವಿದೆ. ಇವು ಇವತ್ತು ತಿಂದು ನಾಳೆ ಹೊಟ್ಟೆನೋವು ಬರಿಸುವಂಥವಲ್ಲ, ಮೈಯಲ್ಲಿ ಕೂಡಿಡುತ್ತಾ ಹೋಗುವಂಥವು. ಸೀಸವಂತೂ ಬೆಳೆಯುವ ಮಕ್ಕಳ ಮಿದುಳಿಗೆ ಕೆಡುಕು.

ಬಣ್ಣಕ್ಕಿಂತ ವರಕ್‌ನ ಪರೀಕ್ಷೆ ಸುಲಭ, ಇದನ್ನು ಅಂಗಡಿಯಲ್ಲಿ ನಿಂತೇ ಮಾಡಬಹುದು. ಸಿಹಿಯ ಮೇಲಿನ ಹಾಳೆಯನ್ನು ಸ್ವಲ್ಪ ತೆಗೆದು ಎರಡು ಬೆರಳ ನಡುವೆ ತಿಕ್ಕಿ. ಬೆಳ್ಳಿಯಾದರೆ ಪುಡಿಪುಡಿಯಾಗಿ ಬೆರಳಿಗೆ ಮೆತ್ತಿಕೊಂಡು ಮಾಯವಾಗುತ್ತದೆ. ಅಲ್ಯುಮಿನಿಯಂ ಆದರೆ ಚೂರುಚೂರಾಗಿ ಹರಿಯುತ್ತದೆ ಅಥವಾ ಸಣ್ಣ ಉಂಡೆಯಾಗುತ್ತದೆ, ಮಾಯವಾಗುವುದಿಲ್ಲ. ಮನೆಯಲ್ಲಾದರೆ ಹಾಳೆಯ ತುಣುಕನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಉರಿಗೆ ಒಡ್ಡಿ. ಬೆಳ್ಳಿ ಮುದುಡಿ ಹೊಳೆಯುವ ಸಣ್ಣ ಗುಂಡಾಗುತ್ತದೆ. ಅಲ್ಯುಮಿನಿಯಂ ಕಪ್ಪು-ಬೂದು ಬೂದಿಯಾಗುತ್ತದೆ. ಮಕ್ಕಳು ಹತ್ತಿರವಿರದಂತೆ ನೋಡಿಕೊಳ್ಳಿ.

ನನ್ನನ್ನು ಕೇಳಿದರೆ, ಹಳ್ಳಿಯ ಸಂಘದಲ್ಲಿ ಮಾಡುವ ಪೇಡೆಗೆ ವರಕ್ ಬೇಕೇ ಇಲ್ಲ. ಒಂದು ಪಿಸ್ತಾ ಚೂರೋ, ನಾಲ್ಕು ಗಸಗಸೆ ಕಾಳೋ ಒತ್ತಿದರೆ ಅಂದವೂ ಆಯಿತು, ಯಾರೂ ಅನುಮಾನದಿಂದ ತಿಕ್ಕಿ ನೋಡುವುದೂ ತಪ್ಪಿತು.

ಕುಸುರೆಳ್ಳಿನಿಂದ ಚಾಕೊಲೇಟ್‌ವರೆಗೆ

ಸಂಕ್ರಾಂತಿಗೆ ಕುಸುರೆಳ್ಳು ಮಾಡುವ ಕೈಗಳಿಗೆ ಹೊದಿಕೆಯ ವಿದ್ಯೆಯನ್ನು ಹೊಸದಾಗಿ ಕಲಿಸಬೇಕಿಲ್ಲ. ಹುರಿದ ಎಳ್ಳನ್ನು ಪರಾತದಲ್ಲಿ ಹಾಕಿ, ಸಣ್ಣ ಕೆಂಡದ ಮೇಲಿಟ್ಟು, ಹಾಲು ಬಿಟ್ಟು ತಿಳಿ ಮಾಡಿದ ಪಾಕವನ್ನು ಚಮಚ ಚಮಚವಾಗಿ ಹಾಕುತ್ತಾ ಅಂಗೈಯಲ್ಲಿ ಆಡಿಸಿದರೆ ಎಳ್ಳಿನ ಸುತ್ತ ಸಕ್ಕರೆ ಪದರ ಕಟ್ಟುತ್ತದೆ, ಮುಳ್ಳು ಏಳುತ್ತದೆ. ಕಾರ್ಖಾನೆಗಳಲ್ಲಿ ಸೋಂಪಿನ ಮಿಠಾಯಿ, ಬಣ್ಣದ ಗುಂಡು ಚಾಕೊಲೇಟ್ ಮಾಡುವುದೂ ಇದೇ ಕ್ರಮದಲ್ಲಿ, ಕೈಯ ಬದಲು ತಿರುಗುವ ದೊಡ್ಡ ಕಡಾಯಿ ಅಷ್ಟೇ. ಒಂದು ವ್ಯತ್ಯಾಸವಿದೆ. ನಿಮ್ಮ ಕುಸುರೆಳ್ಳು ಮಂಕಾಗಿ, ಬಿಳಿಯಾಗಿ ಇರುತ್ತದೆ. ಅಲ್ಲಿನದು ಮಿರಮಿರ ಮಿನುಗುತ್ತದೆ, ಕೈಗೆ ಅಂಟುವುದಿಲ್ಲ, ಮಳೆಗಾಲದಲ್ಲೂ ನೀರು ಬಿಡುವುದಿಲ್ಲ. ಅದಕ್ಕೆ ಕಾರಣ ಕೊನೆಯಲ್ಲಿ ಸವರುವ ಮೇಣ ಅಥವಾ ಅರಗು.

ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ 'ಗ್ಲೇಜಿಂಗ್ ಏಜೆಂಟ್' ಎಂದಿದ್ದು ಪಕ್ಕದಲ್ಲಿ ಸಂಖ್ಯೆ ಇರುತ್ತದೆ. ಮಕ್ಕಳ ಕೈಯಲ್ಲಿ ಓದಿಸಿ. 901 ಎಂದರೆ ಜೇನುಮೇಣ. 903 ಎಂದರೆ ಕಾರ್ನೌಬಾ, ಬ್ರೆಜಿಲ್ ದೇಶದ ಒಂದು ಜಾತಿಯ ತಾಳೆ ಗರಿಯ ಮೇಲಿನ ಮೇಣ. 904 ಎಂದರೆ ಶೆಲಾಕ್, ಅಂದರೆ ನಮ್ಮ ಅರಗು. ಪಾಂಡವರಿಗೆ ಕಟ್ಟಿಸಿದ ಅರಗಿನ ಮನೆಯ ಅರಗೇ ಇದು. ಮುತ್ತುಗ, ಬಾರೆ ಮರಗಳ ಕೊಂಬೆಗೆ ಹತ್ತುವ ಸಣ್ಣ ಹುಳು ತನ್ನ ಮೈಯಿಂದ ಸುರಿಸುವ ಅಂಟು. ಜಾರ್ಖಂಡ್, ಛತ್ತೀಸಗಡದ ಕಾಡಂಚಿನ ರೈತರು ಇದನ್ನು ಬೆಳೆಯುತ್ತಾರೆ. ಇದರ ಸಂಶೋಧನೆಗೆಂದೇ ರಾಂಚಿಯ ಬಳಿ 1924ರಲ್ಲಿ ಸಂಸ್ಥೆಯೊಂದು ಶುರುವಾಯಿತು. ಶುದ್ಧಿ ಮಾಡಿ, ಬಣ್ಣ ತೆಗೆದ ಅರಗನ್ನು ಚಾಕೊಲೇಟಿಗೆ ಮಾತ್ರವಲ್ಲ, ನೀವು ನುಂಗುವ ಎಷ್ಟೋ ಗುಳಿಗೆಗಳ ಮೇಲೂ ಸವರುತ್ತಾರೆ. ಹುಳುವಿನಿಂದ ಬಂದದ್ದು ಬೇಡ ಎನ್ನುವ ಮನೆಯವರು 904 ನೋಡಿ ಬಿಡಬಹುದು, ಆರೋಗ್ಯಕ್ಕೆ ಅದರಿಂದ ತೊಂದರೆಯಿಲ್ಲ. ಬಳೆಗೆ ಬಳಸುವ ಅರಗು, ಚನ್ನಪಟ್ಟಣದ ಗೊಂಬೆಗೆ ಹಚ್ಚುವ ಬಣ್ಣದ ಅರಗು ಬೇರೆ. ಮೂಲ ಒಂದೇ ಆದರೂ ಅದರಲ್ಲಿ ಬೆರೆಸಿದ ಬಣ್ಣ ಬೇರೆ, ಶುದ್ಧಿ ಬೇರೆ. ಅದನ್ನು ಕರಗಿಸಿ ತಿಂಡಿಗೆ ಹಚ್ಚುವಂತಿಲ್ಲ.

ಸೇಬಿನ ಮೇಲಿನ ಮೇಣದ ಬಗ್ಗೆ ಬಹಳ ಹೆದರಿಕೆ ಇದೆ. ಸೇಬಿಗೆ ಹುಟ್ಟಿನಿಂದಲೇ ತೆಳುವಾದ ಮೇಣವಿರುತ್ತದೆ. ಜೇನುಮೇಣ, ಕಾರ್ನೌಬಾ, ಅರಗಿನ ಮೇಣ ಸವರಲು ನಿಯಮದಲ್ಲಿ ಅವಕಾಶವಿದೆ, ಆದರೆ ಹಾಗೆ ಸವರಿದ್ದನ್ನು ಚೀಟಿಯಲ್ಲಿ ಹೇಳಬೇಕು. ಉಗುರುಬೆಚ್ಚನೆ ನೀರಲ್ಲಿ ತಿಕ್ಕಿ ತೊಳೆದು ತಿನ್ನಿ. ಅದಕ್ಕಿಂತ ಹೆಚ್ಚು ಹೇಳುವಂಥದ್ದಿಲ್ಲ.

ಕೇಕಿನ ಮೇಲಿನ ಬಂಗಾರದ ಪುಡಿ

ಈ ಹತ್ತು ವರ್ಷದಲ್ಲಿ ನಮ್ಮ ಹಳ್ಳಿಗಳಿಗೂ ಹುಟ್ಟುಹಬ್ಬದ ಕೇಕ್ ಬಂದಿದೆ. ತಾಲ್ಲೂಕು ಕೇಂದ್ರದಿಂದ ಬೈಕಿನಲ್ಲಿ ಡಬ್ಬಿ ಹಿಡಿದು ತರುತ್ತಾರೆ. ಕೆಲವು ಹುಡುಗಿಯರು ಮನೆಯಲ್ಲೇ ಕೇಕ್ ಮಾಡಿ ಮಾರಲೂ ಶುರುಮಾಡಿದ್ದಾರೆ, ಒಳ್ಳೆಯದೇ. ಅವರಿಗೆ ಈ ಭಾಗವನ್ನು ತಪ್ಪದೆ ಓದಿ ಹೇಳಿ.

ಕೇಕ್ ಅಲಂಕಾರಕ್ಕೆ ಬರುವ ಮಿನುಗು ಪುಡಿಗಳಲ್ಲಿ ಎರಡು ಜಾತಿ ಇವೆ. ಒಂದು ತಿನ್ನಲೆಂದೇ ಮಾಡಿದ್ದು, ಅದರ ಡಬ್ಬಿಯ ಮೇಲೆ ಪದಾರ್ಥಗಳ ಪಟ್ಟಿ ಇರುತ್ತದೆ. ಇನ್ನೊಂದು ತಿನ್ನದ ಅಲಂಕಾರಗಳಿಗೆ, ಕರಕುಶಲ ಕೆಲಸಕ್ಕೆ ಮಾಡಿದ್ದು. ಅದರ ಮೇಲೆ 'ನಾನ್-ಟಾಕ್ಸಿಕ್', ಅಂದರೆ ವಿಷರಹಿತ, ಎಂದಷ್ಟೇ ಬರೆದಿರಬಹುದು. ವಿಷರಹಿತ ಎಂದು ಬರೆದದ್ದಕ್ಕೆ ತಿನ್ನಬಹುದು ಎಂಬ ಅರ್ಥವಿಲ್ಲ. ಅಮೆರಿಕದ ರೋಡ್ ಐಲೆಂಡ್ ಎಂಬ ರಾಜ್ಯದಲ್ಲಿ 2018ರಲ್ಲಿ ಒಂದು ವರ್ಷದ ಮಗುವಿನ ಹುಟ್ಟುಹಬ್ಬದ ಕೇಕ್ ತಿಂದ ಆರು ಮಕ್ಕಳಿಗೆ ವಾಂತಿ-ಭೇದಿ ಆಯಿತು. ಹುಡುಕಿದಾಗ ಸಿಕ್ಕಿದ್ದು ಕೇಕಿನ ಮೇಲೆ ಬೇಕರಿಯವರು ಹಚ್ಚಿದ್ದ ತಾಮ್ರ-ಬಂಗಾರ ಬಣ್ಣದ ಮಿನುಗು ಪುಡಿ. ಅದು ನಿಜಕ್ಕೂ ತಾಮ್ರದ ಪುಡಿಯೇ ಆಗಿತ್ತು. ಮರುವರ್ಷ ಅದೇ ದೇಶದ ಮಿಸೌರಿಯಲ್ಲಿ ಮನೆಯಲ್ಲಿ ಮಾಡಿದ ಕೇಕಿನ ಮೇಲಿನ ಪುಡಿಯಿಂದ ಮಗುವೊಂದರ ರಕ್ತದಲ್ಲಿ ಸೀಸ ಸೇರಿತು. ಅಲ್ಲಿ ಆದದ್ದು ಇಲ್ಲಿ ಆಗದೆಂದು ಹೇಳಲು ಬರುವುದಿಲ್ಲ, ಇಂಥ ಪುಡಿಗಳು ಈಗ ಮೊಬೈಲ್‌ನಲ್ಲಿ ಆರ್ಡರ್ ಮಾಡಿದರೆ ಮನೆ ಬಾಗಿಲಿಗೇ ಬರುತ್ತವೆ. ತಾಮ್ರದ ಪಾತ್ರೆಗೆ ಕಲಾಯಿ ಇಲ್ಲದೆ ಮಜ್ಜಿಗೆ ಹಾಕಬಾರದು ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದದ್ದು ಇದೇ ತಾಮ್ರದ ಗುಣ ಕಂಡು.

ಡಬ್ಬಿಯ ಮೇಲೆ ಪದಾರ್ಥಗಳ ಪಟ್ಟಿಯೇ ಇಲ್ಲದಿದ್ದರೆ, 'ಅಲಂಕಾರಕ್ಕೆ ಮಾತ್ರ' ಎಂದಿದ್ದರೆ, ಪರವಾನಗಿ ಸಂಖ್ಯೆ ಇಲ್ಲದಿದ್ದರೆ ಅದನ್ನು ಕೇಕಿಗೆ ತಾಗಿಸಬೇಡಿ. ಆಮೇಲೆ ಮೇಲ್ಪದರ ತೆಗೆದು ತಿನ್ನುತ್ತೇವೆ ಎನ್ನುವ ಮಾತು ಮಕ್ಕಳಿರುವ ಮನೆಯಲ್ಲಿ ನಡೆಯುವುದಿಲ್ಲ. ಅವರು ಮೊದಲು ನೆಕ್ಕುವುದೇ ಮೇಲ್ಪದರ.

ಮಾಡಿ ಮಾರುವವರಿಗೆ, ಕೊಂಡು ಮೋಸಹೋದವರಿಗೆ

ಸಂಘದಿಂದ ಪೇಡೆ, ಸಕ್ಕರೆ ಆರತಿ, ಕುಸುರೆಳ್ಳು ಮಾಡಿ ಮಾರುವುದಾದರೆ ಎಷ್ಟೇ ಸಣ್ಣ ಪ್ರಮಾಣದಲ್ಲಿದ್ದರೂ ಪ್ರಾಧಿಕಾರದಲ್ಲಿ ನೋಂದಣಿ ಬೇಕು. 2011ರ ನಿಯಮದಲ್ಲಿ ವರ್ಷಕ್ಕೆ 12 ಲಕ್ಷ ರೂಪಾಯಿ ಒಳಗಿನ ವಹಿವಾಟಿಗೆ ಬರೀ ನೋಂದಣಿ ಸಾಕಾಗಿತ್ತು, ಶುಲ್ಕ ವರ್ಷಕ್ಕೆ 100 ರೂಪಾಯಿ ಇತ್ತು. ಅರ್ಜಿ ಆನ್‌ಲೈನ್‌ನಲ್ಲಿ ಹಾಕಬೇಕು. ಬಣ್ಣ, ವರಕ್ ಕೊಂಡ ರಸೀದಿ ಮತ್ತು ಖಾಲಿ ಡಬ್ಬಿಯನ್ನು ಆ ಸಿಹಿ ಮಾರಿ ಮುಗಿಯುವವರೆಗಾದರೂ ಇಟ್ಟುಕೊಳ್ಳಿ. ನಾಳೆ ಯಾರಾದರೂ ಪ್ರಶ್ನೆ ಮಾಡಿದರೆ 'ನಾವು ಇದನ್ನೇ ಹಾಕಿದ್ದು' ಎಂದು ತೋರಿಸಲು ನಿಮ್ಮ ಬಳಿ ಇರುವ ಸಾಕ್ಷಿ ಅದೊಂದೇ. 2024ರ ನಿಷೇಧ ಹೊರಬಿದ್ದಾಗ ಹೇಳಿದ ಶಿಕ್ಷೆ ಏಳು ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ಚೀಟಿಯಿಲ್ಲದ ಹತ್ತು ರೂಪಾಯಿ ಬಣ್ಣದ ಪೊಟ್ಟಣಕ್ಕೆ ಅಷ್ಟು ಬೆಲೆ ಕೊಡಬೇಕಾದೀತು.

ಕೊಳ್ಳುವಾಗ ಬಿಲ್ ಕೇಳಿ. ಬಿಡಿಯಾಗಿ ತಟ್ಟೆಯಲ್ಲಿಟ್ಟು ಮಾರುವ ಸಿಹಿಗೂ ಯಾವ ದಿನಾಂಕದೊಳಗೆ ತಿನ್ನಬೇಕು ಎಂಬ ಚೀಟಿ ಇರಬೇಕೆಂದು 2020ರ ಅಕ್ಟೋಬರ್ 1ರಿಂದ ನಿಯಮವಿದೆ. ಅನುಮಾನ ಬಂದರೆ ನಿಮ್ಮ ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಗೆ ತಿಳಿಸಿ, ಇಲ್ಲವೇ ಪ್ರಾಧಿಕಾರದ ಉಚಿತ ದೂರವಾಣಿ 1800112100ಕ್ಕೆ ಕರೆ ಮಾಡಿ. ಇನ್ನೊಂದು ಹಕ್ಕು ಹೆಚ್ಚಿನವರಿಗೆ ತಿಳಿದಿಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಂ ಪ್ರಕಾರ ಸಾಮಾನ್ಯ ಗಿರಾಕಿಯೇ ತಾನು ಕೊಂಡ ತಿಂಡಿಯನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಹೀಗೆ ಮಾಡಿಸುವ ಉದ್ದೇಶವನ್ನು ಕೊಳ್ಳುವಾಗಲೇ ಅಂಗಡಿಯವರಿಗೆ ಹೇಳಬೇಕು, ಶುಲ್ಕ ಕಟ್ಟಬೇಕು. ವರದಿಯಲ್ಲಿ ತಪ್ಪು ಸಾಬೀತಾದರೆ ಕಟ್ಟಿದ ಶುಲ್ಕ ವಾಪಸು ಬರುತ್ತದೆ. ಒಬ್ಬಳೇ ಹೋಗಿ ಹಾಗೆ ಹೇಳಲು ಮುಜುಗರವಾಗುವುದು ಸಹಜ. ಸಂಘದ ನಾಲ್ಕು ಮಂದಿ ಕೂಡಿ, ಗೌರಿ ಹುಣ್ಣಿಮೆಯ ಸಂತೆಗೆ ಸಕ್ಕರೆ ಆರತಿ ತರಲು ಹೋದ ದಿನವೇ ಹೇಳಬಹುದು.